ಹಾಲು ಸಾಕೇ?

ಬಾಣಂತಿಯನ್ನು ನೋಡಲು ಬಂದವರು ತೊಟ್ಟಿಲಿಗೆ ಬಗ್ಗುವ ಮೊದಲೇ ಕೇಳಿಬಿಡುತ್ತಾರೆ: "ಹಾಲು ಸಾಕಾಗುತ್ತದೇನಮ್ಮಾ?" ಸಾಲದೆಂದಳೋ, ಅವಳೇನೋ ತಪ್ಪು ಮಾಡಿದಂತೆ ಮುಖಗಳು ಬಿಗಿಯುತ್ತವೆ. ಮೊದಲ ಆರು ತಿಂಗಳಿಗೆ ಎದೆಹಾಲೇ ಮೇಲು ಎಂಬುದರಲ್ಲಿ ವೈದ್ಯರಿಗೆ ಎರಡು ಮಾತಿಲ್ಲ. ಡಬ್ಬಿಹಾಲಿನ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿತು. ತಾಯಿಯ ಹಾಲೇ ಶ್ರೇಷ್ಠವೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಆದರೆ ಮೇಲಾದುದೆಲ್ಲ ಕರ್ತವ್ಯವೇ? ಕರ್ತವ್ಯವಾದರೆ, ತಾಯಿಯೊಬ್ಬಳದೇ?

ರಾತ್ರಿ ಎರಡೆರಡು ಗಂಟೆಗೆ ಏಳುವ ಕೂಸು ಬೇಡುವುದು ಹಾಲನ್ನಷ್ಟೇ ಅಲ್ಲ, ಅವಳ ನಿದ್ದೆಯನ್ನು, ಹೊತ್ತನ್ನು. ಆ ಹೊತ್ತನ್ನು ಯಾರಾದರೂ ಕೊಡಬೇಕು. ಕಚೇರಿಯ ಹೆಂಗಸಿಗೆ ಮೊದಲೆರಡು ಹೆರಿಗೆಗೆ 12 ವಾರವಿದ್ದ ಸಂಬಳದ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೇರಿಸಿತು. ಮನೆಗೆಲಸದವಳ ಮಾತು ಅದರಲ್ಲಿಲ್ಲ. ನಮ್ಮಲ್ಲಿ ಪಾತ್ರೆ ತೊಳೆಯುವಾಕೆ ಹೆತ್ತ ಎರಡನೆಯ ತಿಂಗಳಿಗೇ ಬಂದಳು. ಬಾರದಿದ್ದರೆ ಬೇರೆಯವಳನ್ನು ನೋಡಿಕೊಳ್ಳುತ್ತೇವೆಂದು ಹೇಳಿಕಳುಹಿಸಿದವನು ನಾನೇ.

ಕೂಸಿಗೇನು ಕುಡಿಸುತ್ತೀಯೆಂದು ನನ್ನ ಹೆಂಡತಿ ಕೇಳಿದಳು.

"ಪಾಕೀಟು ಹಾಲಿಗೆ ನೀರು ಬೆರೆಸಿ ಕುಡಿಸಕ್ಕೆ ಹೇಳಿ ಬಂದಿದೀನಿ, ಅಮ್ಮಾವ್ರೇ."

"ಎದೆಹಾಲೇ ಒಳ್ಳೆಯದಮ್ಮಾ" ಎಂದು ನಾನು ಪತ್ರಿಕೆಯಿಂದ ತಲೆಯೆತ್ತದೆ ಉಪದೇಶಿಸಿದೆ.

ಉತ್ತರವಿಲ್ಲ. ತಲೆಯೆತ್ತಿ ನೋಡಿದೆ. ಆಕೆ ಸೆರಗೆಳೆದುಕೊಂಡು ಬಚ್ಚಲಿನ ಕಡೆ ತಿರುಗುತ್ತಿದ್ದಳು. ನಲ್ಲಿಯನ್ನಿನ್ನೂ ತಿರುಗಿಸಿರಲಿಲ್ಲ, ರವಿಕೆ ಆಗಲೇ ಒದ್ದೆಯಾಗಿತ್ತು.