ಕೈವಸ್ತ್ರಕ್ಕಿಂತ ಮುಂಚೆ ಎರಡು ವರ್ಷದ ಕ್ಲಾಸ್

ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆಗೀರಿ, 8ರಿಂದ 12ನೇ ವಚನ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಮುಚ್ಚಿ.

ನಮ್ಮ ಪೆಂತೆಕೊಸ್ತ ಸಭೆಗಳಲ್ಲಿ 12ನೇ ವಚನ ಎಲ್ಲರಿಗೂ ಬಾಯಿಪಾಠ. ಪೌಲನ ಮೈಮೇಲಿದ್ದ ಕೈವಸ್ತ್ರ ತಗೊಂಡು ಹೋಗಿ ರೋಗಿಗಳ ಮೇಲೆ ಹಾಕಿದ್ರೆ ವಾಸಿಯಾಗ್ತಿತ್ತು. ಹಲ್ಲೆಲೂಯಾ! ಆದ್ರೆ ಅದಕ್ಕಿಂತ ಮುಂಚೆ ಏನಾಯ್ತು? ಎಫೆಸದ ಸಭಾಮಂದಿರದಲ್ಲಿ ಮೂರು ತಿಂಗಳು ಮಾತಾಡಿದ ಮೇಲೆ ವಿರೋಧ ಬಂತು. ಪೌಲ ಶಿಷ್ಯರನ್ನು ಕರ್ಕೊಂಡು ತುರನ್ನ ಅನ್ನೋನ ಶಾಲೆಗೆ ಹೋದ. ಪ್ರತಿದಿನ ಕ್ಲಾಸ್. ಎರಡು ವರ್ಷ. ಕೆಲವು ಹಳೇ ಕೈಬರಹದ ಪ್ರತಿಗಳಲ್ಲಿ ಟೈಮೂ ಇದೆ, ಸುಮಾರು ಬೆಳಗ್ಗೆ 11ರಿಂದ ಸಂಜೆ 4. ಬಿಸಿಲಿಗೆ ಊರೇ ಕೆಲಸ ನಿಲ್ಲಿಸೋ ಹೊತ್ತು. ಶಾಲೆ ಖಾಲಿ ಇರೋ ಹೊತ್ತು ನೋಡಿ ಕೇಳಿಕೊಂಡಿರಬೇಕು ಅಂತ ನನಗನ್ನಿಸುತ್ತೆ.

ಈಗ ನಮ್ಮ ಹಾಲ್ ನೋಡಿ. ಭಾನುವಾರ ಕಾಲಿಡೋಕೆ ಜಾಗ ಇಲ್ಲ. ಶುಕ್ರವಾರ ಉಪವಾಸ ಪ್ರಾರ್ಥನೆ. ಮಿಕ್ಕ ದಿನ ಬೀಗ. ಸಂಜೆ ನಾಲ್ಕೂವರೆಗೆ ಇದೇ ಮೆಟ್ಟಿಲ ಮೇಲೆ ಏರಿಯಾದ ಮಕ್ಕಳು ಕೂತಿರ್ತಾರೆ. ಅಮ್ಮ ಗಾರ್ಮೆಂಟ್ಸ್‌ನಿಂದ ಬರೋದು ಆರೂವರೆ. ಅಪ್ಪ ರಾಯಚೂರು ಕಡೆಯಿಂದ ಬಂದು ಗಾರೆ ಕೆಲಸ ಮಾಡ್ತಾರೆ. ಮನೇಲಿ ತೆಲುಗು, ಶಾಲೇಲಿ ಕನ್ನಡ. ಒಂದೇ ರೂಮಿನ ಮನೆ, ಟಿವಿನೂ ಅಲ್ಲೇ, ಅಡುಗೆನೂ ಅಲ್ಲೇ. ಎಲ್ಲಿ ಓದಬೇಕು ಆ ಮಗು?

ಸಂಡೇ ಸ್ಕೂಲ್ ಅಂದ್ರೆ ನಮಗೆ ಆಕ್ಷನ್ ಸಾಂಗ್, ಬಣ್ಣ ಹಚ್ಚೋದು. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆ ನಡೆಸ್ತಿದ್ದ ವ್ಯಕ್ತಿ ಇದನ್ನು ಶುರು ಮಾಡಿದ್ದು ಗುಂಡುಸೂಜಿ ಕಾರ್ಖಾನೆಯಲ್ಲಿ ದುಡೀತಿದ್ದ ಮಕ್ಕಳಿಗಾಗಿ. ವಾರದಲ್ಲಿ ಆರು ದಿನ ಕೆಲಸ, ಬಿಡುವು ಅಂತ ಇದ್ದದ್ದು ಭಾನುವಾರ ಮಾತ್ರ. ಅದಕ್ಕೇ ಭಾನುವಾರ. ಕಲಿಸಿದ್ದು ಓದೋದನ್ನ. ಪಾಠ ಹೇಳೋ ಹೆಂಗಸರಿಗೆ ಸಂಬಳನೂ ಕೊಟ್ಟರು. ಸಂಡೇ ಸ್ಕೂಲ್ ಹುಟ್ಟಿದ್ದೇ ಒಂಥರಾ ಏರಿಯಾ ಟ್ಯೂಷನ್ ಆಗಿ, ಪ್ರಿಯರೇ.

ಒಂದು ಮಾತು ಬಿಡಿಸಿ ಹೇಳಬೇಕು. ಅಕ್ಕಪಕ್ಕದ ಮನೆಯವರು ಕೇಳ್ತಾರೆ: "ಟ್ಯೂಷನ್ ಅಂತ ಹೇಳಿ ನಮ್ಮ ಮಕ್ಕಳನ್ನ ಚರ್ಚಿಗೆ ಸೇರಿಸ್ಕೊಳ್ತೀರಾ?" ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ, ಕೋಪ ಮಾಡ್ಕೋಬೇಡಿ. ನಿಮ್ಮಲ್ಲೂ ಕೆಲವರು ಕೇಳಬಹುದು, "ಪಾಸ್ಟರ್, ಸುವಾರ್ತೆ ಹೇಳದೆ ಬರೀ ಲೆಕ್ಕ ಹೇಳಿಕೊಟ್ರೆ ಏನು ಪ್ರಯೋಜನ?" ನನ್ನ ಉತ್ತರ: ಲೆಕ್ಕದ ಹೊತ್ತಲ್ಲಿ ಲೆಕ್ಕ. ನಾವು ಯಾರು ಅಂತ ಬೋರ್ಡೇ ಹೇಳುತ್ತೆ, ಮುಚ್ಚಿಡೋದೇನಿಲ್ಲ. ಆದ್ರೆ ಭಾಗಾಕಾರವನ್ನ ಗಾಳ ಮಾಡಬೇಡಿ. ಐದು ರೊಟ್ಟಿ ಕೊಡೋವಾಗ ಯೇಸು ಯಾರ ಹತ್ರನೂ ಸಭೆಯ ಸದಸ್ಯತ್ವ ಕೇಳಲಿಲ್ಲ.

ಇನ್ನು ಕೆಲಸದ ಮಾತು. ತಂದೆತಾಯಿ ಒಪ್ಪಿ ಸಹಿ ಹಾಕಿದ ಮೇಲೇ ಮಗು ಒಳಗೆ. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಮಗುವಿನ ಜೊತೆ ಯಾರೂ ಒಂಟಿಯಾಗಿ ಇರಬಾರದು. ಬಾಗಿಲು ತೆರೆದೇ ಇರಲಿ. ಏಳನೇ ಕ್ಲಾಸಿನ ಹುಡುಗನಿಗೆ 52ರಲ್ಲಿ 17 ಕಳೆಯೋಕೆ ಬರದಿದ್ರೆ ಬೀಜಗಣಿತ ಆಮೇಲೆ. ಅಲ್ಲಿಂದಲೇ ಶುರು ಮಾಡಿ, ನಗಬೇಡಿ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳ್ತಿದ್ದ ಅಂತ ಲೂಕ ಬರೀತಾನೆ. ಹಾಗೆ ಕೇಳೋಕೆ ಧೈರ್ಯ ಬರೋ ಜಾಗ ಆಗಬೇಕು ಇದು.

ಐಟಿಯಲ್ಲಿರೋ ಬ್ರದರ್ಸ್, ಸಿಸ್ಟರ್ಸ್, ಕ್ರಿಸ್ಮಸ್‌ಗೆ ಬ್ಯಾಗ್ ಹಂಚಿ ಫೋಟೊ ಹಾಕೋದು ಸುಲಭ. ನಾನು ಕೇಳ್ತಿರೋದು ವಾರಕ್ಕೆ ಒಂದು ಸಂಜೆ, ಆದ್ರೆ ಮಾರ್ಚ್ ಪರೀಕ್ಷೆವರೆಗೂ ತಪ್ಪದೆ. ಎರಡು ವಾರ ಬಂದು ಮಾಯವಾಗೋರು ಈಗಲೇ ಹೆಸರು ಕೊಡಬೇಡಿ, ಆ ಮಕ್ಕಳು ಅಂಥವರನ್ನ ತುಂಬ ನೋಡಿದ್ದಾರೆ.

ಬರೋರು ಮಾತ್ರ ಎದ್ದು ನಿಲ್ಲಿ. ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಪ್ರಾರ್ಥನೆ ಆದ ಮೇಲೆ ಮಾತಾಡೋಣ. ಕಣ್ಣು ಮುಚ್ಚಿ. ಪರಲೋಕದ ತಂದೆಯೇ...