ಸ್ವರಕ್ಕೆಲ್ಲಿಯ ಪಾಪ?

ಠಾಣೆ, ಡೊಂಬಿವಲಿಗಳಲ್ಲಿ 'ದೇವಿ ಮಹಾತ್ಮೆ' ಯಕ್ಷಗಾನವಾದಾಗ ಮಹಿಷಾಸುರನ ಅಬ್ಬರಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಬೆಚ್ಚಿ ಅಳುವ ಮಗುವಿಗೆ 'ಅದು ಬರೀ ವೇಷ' ಎನ್ನುತ್ತೇವೆ. ಅದೇ ಮಗು ಬೆಳೆದು ಪಾಶ್ಚಾತ್ಯ ರಾಕ್ ಸಂಗೀತ ಹಚ್ಚಿಕೊಂಡರೆ 'ಪಿಶಾಚಿಗಳ ಗದ್ದಲ' ಎಂದು ಸಿಡುಕುವವರು ನಮ್ಮಲ್ಲಿದ್ದಾರೆ. ಇದು ನ್ಯಾಯವೇ?

ಬರ್ಮಿಂಗ್‌ಹ್ಯಾಮ್‌ನ ನಾಲ್ವರು ಯುವಕರು ಭಯಾನಕ ಚಲಚ್ಚಿತ್ರವೊಂದರ ಹೆಸರನ್ನೇ ತಮ್ಮ ತಂಡಕ್ಕಿಟ್ಟುಕೊಂಡು 1970ರಲ್ಲಿ 'ಬ್ಲ್ಯಾಕ್ ಸಬಾತ್' ಎಂಬ ಧ್ವನಿಮುದ್ರಿಕೆ ಹೊರತಂದರು. ಅದರ ಮೊದಲ ಹಾಡಿನಲ್ಲಿ ಕರಿಯ ಆಕೃತಿಯನ್ನು ಕಂಡವನು ದೇವರಿಗೆ ಮೊರೆಯಿಡುತ್ತಾನೆ. ಆದರೂ ಅದನ್ನು ಸೈತಾನನ ಆರಾಧನೆ ಎಂದವರುಂಟು! ಹಾಡಿನ ಭೀತಿ ಹುಟ್ಟುವುದು ಷಡ್ಜದಿಂದ ಪ್ರತಿಮಧ್ಯಮಕ್ಕೆ ಹೊರಳುವಲ್ಲಿ. ಯೂರೋಪಿನ ಹಳೆಯ ಸಂಗೀತಜ್ಞರು ಈ ಅಂತರವನ್ನು 'ಸಂಗೀತದೊಳಗಿನ ಸೈತಾನ' ಎಂದರು. ನಮಗಾದರೋ ಅದೇ ಪ್ರತಿಮಧ್ಯಮ ಕಲ್ಯಾಣಿ ರಾಗದ ಜೀವ. ಹಾಗಾದರೆ ಸ್ವರಕ್ಕೆಲ್ಲಿಯ ಪಾಪ?

ಭೇದವೊಂದುಂಟು, ಅದನ್ನು ಮರೆಯಬಾರದು. ಪ್ರಸಂಗ ಮುಗಿಯುವಷ್ಟರಲ್ಲಿ ದೇವಿ ಮಹಿಷನನ್ನು ವಧಿಸುತ್ತಾಳೆ. ಈ ಹಾಡಿನಲ್ಲಿ ಮೊರೆಗೆ ಉತ್ತರ ಬರುವುದಿಲ್ಲ. ಅಲ್ಲಿ ಸಾವಿರ ಜನರ ನಡುವೆ ಹೆದರುತ್ತೇವೆ. ಇಲ್ಲಿ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಹೆದರುತ್ತಾನೆ. ಅವನನ್ನು ಆ ಭಯದೊಡನೆ ಒಂಟಿಯಾಗಿ ಬಿಡುವುದೇ ಅಧರ್ಮ. ಪಕ್ಕದಲ್ಲಿ ಕುಳಿತು ಒಮ್ಮೆ ಕೇಳೋಣ, ತೀರ್ಪು ಆಮೇಲಿರಲಿ.