ದಂಡ ಮುಗಿದ ಮೇಲಿನ ಧರ್ಮ

ಅಪರಾಧಿಯನ್ನು ದಂಡಿಸುವ ಅಧಿಕಾರ ರಾಜ್ಯಕ್ಕೆ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರೂ ಪಶ್ಚಿಮದ ತತ್ತ್ವಜ್ಞರೂ ಸಾಕಷ್ಟು ವಿಸ್ತಾರವಾಗಿ ವಿಚಾರಮಾಡಿದ್ದಾರೆ; ಆದರೆ ದಂಡನೆ ಮುಗಿದ ಮರುದಿನ, ಸೆರೆಮನೆಯ ಬಾಗಿಲನ್ನು ದಾಟಿ ಹೊರಬಂದ ಮನುಷ್ಯನಿಗೂ ಅವನನ್ನು ಎದುರುಗೊಳ್ಳುವ ಊರಿಗೂ ನಡುವೆ ಇರತಕ್ಕ ಧರ್ಮಸಂಬಂಧ ಯಾವುದೆಂಬ ಪ್ರಶ್ನೆ ಅಷ್ಟು ಗಮನವನ್ನು ಪಡೆದಂತೆ ತೋರುವುದಿಲ್ಲ. ರಾಯಚೂರಿನ ಜಿಲ್ಲಾ ಕಾರಾಗೃಹದಿಂದ ಬಿಡುಗಡೆಯಾದವನು ದೇವದುರ್ಗದ ಬಸ್ಸನ್ನೋ ಮಾನ್ವಿಯ ಬಸ್ಸನ್ನೋ ಹತ್ತುವ ಹೊತ್ತಿಗೆ ಕಾನೂನಿನ ಮಟ್ಟಿಗೆ ಅವನ ವ್ಯವಹಾರ ಮುಗಿದಿರುತ್ತದೆ. ಮನುಷ್ಯರ ಮಟ್ಟಿಗೆ ಅದು ಆಗತಾನೇ ಮೊದಲಾಗುತ್ತದೆ. ಅವನು ಮಾಡಿದ ಪಾಪ ದಂಡದಿಂದ ತೊಳೆದುಹೋಯಿತೇ? ಹೋಗಿದ್ದಲ್ಲಿ, ಊರವರ ಕಣ್ಣಿನಲ್ಲಿ ಅದು ಇನ್ನೂ ಏಕೆ ಉಳಿದಿದೆ? ಹೋಗಿಲ್ಲವಾದರೆ, ಅಷ್ಟು ವರ್ಷಗಳ ಸೆರೆವಾಸಕ್ಕೆ ಅರ್ಥವೇನು?

ಈ ಪ್ರಶ್ನೆಗೆ ಪ್ರಾಚೀನರು ಕೊಟ್ಟ ಉತ್ತರ ನಾವು ಊಹಿಸುವುದಕ್ಕಿಂತ ಉದಾರವಾದುದು. ರಾಜದಂಡವನ್ನು ಅನುಭವಿಸಿದ ಪಾಪಿಗಳು ನಿರ್ಮಲರಾಗಿ ಪುಣ್ಯವಂತರ ಗತಿಯನ್ನೇ ಪಡೆಯುತ್ತಾರೆಂದು ಮನುಸ್ಮೃತಿಯ 8ನೆಯ ಅಧ್ಯಾಯ ಸಾರುತ್ತದೆ. ಅದರ 11ನೆಯ ಅಧ್ಯಾಯದಲ್ಲಿ ಇದಕ್ಕಿಂತಲೂ ಮನನೀಯವಾದ ವಿಧಿಯೊಂದಿದೆ. ಮಹಾಪಾತಕದಿಂದ ಪತಿತನಾದವನನ್ನು ಬಂಧುಗಳು ಬದುಕಿರುವಾಗಲೇ ಸತ್ತವನೆಂದು ಭಾವಿಸಿ, ಅವನ ಹೆಸರಿನಲ್ಲಿ ನೀರಿನ ಕೊಡವನ್ನು ಉರುಳಿಸಿ ಹೊರಗಿಡುವರು. ಆದರೆ ಅವನು ಪ್ರಾಯಶ್ಚಿತ್ತವನ್ನು ಪೂರೈಸಿ ಬಂದಾಗ ಅದೇ ಬಂಧುಗಳು ಅವನೊಡನೆ ಪುಣ್ಯಜಲಾಶಯದಲ್ಲಿ ಮಿಂದು, ನೀರು ತುಂಬಿದ ಹೊಸ ಕೊಡವನ್ನು ಅವನ ಜೊತೆಗೂಡಿಯೇ ಅಲ್ಲಿ ವಿಸರ್ಜಿಸಬೇಕು. ಅಂಥವನನ್ನು ಮುಂದೆ ಎಂದಿಗೂ ಜುಗುಪ್ಸೆಯಿಂದ ಕಾಣಕೂಡದು. ವರ್ಣಕ್ಕೊಂದು ದಂಡವನ್ನು ಗೊತ್ತುಮಾಡಿದ ಆ ಗ್ರಂಥದ ಅಸಮತೆಯನ್ನು ನಾವು ಒಪ್ಪಲಾರೆವು, ಒಪ್ಪಲೂ ಬಾರದು. ಹಾಗಿದ್ದರೂ ಈ ವಿಧಿಯ ಒಳಗಿನ ತತ್ತ್ವ ಎಲ್ಲ ಕಾಲಕ್ಕೂ ಸಲ್ಲತಕ್ಕುದು. ಪ್ರಾಯಶ್ಚಿತ್ತವನ್ನು ಪಾಪಿಯೊಬ್ಬನೇ ಆಚರಿಸಿದನು. ಸ್ನಾನವನ್ನು ಎಲ್ಲರೂ ಕೂಡಿ ಮಾಡಬೇಕಾಯಿತು. ಹೊರಗೆ ಹಾಕುವುದಕ್ಕೆ ಹೇಗೆ ಒಂದು ಕರ್ಮವುಂಟೋ ಒಳಗೆ ಕರೆದುಕೊಳ್ಳುವುದಕ್ಕೂ ಹಾಗೆಯೇ ಒಂದು ಕರ್ಮವುಂಟೆಂದೂ, ಅದನ್ನು ಮಾಡತಕ್ಕವರು ಹೊರಗೆ ಹಾಕಿದವರೇ ಎಂದೂ ಆ ಶಾಸ್ತ್ರಕಾರನು ಅರಿತಿದ್ದನು. ನಮ್ಮ ಕಾಲದಲ್ಲಿ ಮೊದಲನೆಯ ಕರ್ಮಕ್ಕೆ ಪೊಲೀಸು, ನ್ಯಾಯಾಲಯ, ಕಾರಾಗೃಹಗಳ ವಿಸ್ತಾರವಾದ ವ್ಯವಸ್ಥೆಯಿದೆ. ಎರಡನೆಯದಕ್ಕೆ ಇರುವುದು ಬಹು ಸ್ವಲ್ಪ.

ರಾಯಚೂರು ಜಿಲ್ಲೆಯ ನೆಲವೇ ಈ ವಿಷಯದಲ್ಲಿ ನಮಗೆ ಗುರುವಾಗಬಲ್ಲುದು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬೆಳಕಿಗೆ ಬಂದ ಶಾಸನವು ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಹೆಸರು ಹೇಳಿ ಖಚಿತಪಡಿಸಿತೆಂಬುದು ಸರ್ವವಿದಿತ; ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಸಾಮಾನ್ಯನೂ ಧರ್ಮನಿರತನಾದರೆ ಅದನ್ನು ಹೊಂದಬಲ್ಲನೆಂಬ ಅದರ ಆಶಯವನ್ನು ನೆನೆಯುವವರು ವಿರಳ. ಅದೇ ಅರಸನು ತನ್ನ 5ನೆಯ ಬೃಹತ್ ಶಿಲಾಶಾಸನದಲ್ಲಿ ಸೆರೆಯವರ ಯೋಗಕ್ಷೇಮವನ್ನು ಧರ್ಮಮಹಾಮಾತ್ರರಿಗೆ ಒಪ್ಪಿಸಿ, ಮಕ್ಕಳೊಂದಿಗನು ಯಾರು, ವೃದ್ಧನು ಯಾರು ಎಂಬುದನ್ನು ನೋಡಿ ಅವರ ವಿಮೋಚನೆಗೆ ಯತ್ನಿಸುವಂತೆ ವಿಧಿಸಿದನು. ಪಟ್ಟಾಭಿಷೇಕದಿಂದೀಚಿನ 26 ವರ್ಷಗಳಲ್ಲಿ 25 ಸಲ ಬಂಧವಿಮೋಚನೆ ಮಾಡಿದೆನೆಂದು 5ನೆಯ ಸ್ತಂಭಶಾಸನದಲ್ಲಿ ಬರೆಯಿಸಿದನು. ಕಳಿಂಗದ ರಕ್ತಪಾತಕ್ಕಾಗಿ ಪರಿತಪಿಸಿ ಅದನ್ನು ಕಲ್ಲಿನಲ್ಲಿಯೇ ಒಪ್ಪಿಕೊಂಡವನಿಗೆ, ಮನುಷ್ಯನು ತನ್ನ ಕೃತ್ಯಕ್ಕಿಂತ ದೊಡ್ಡವನಾಗಬಲ್ಲನೆಂಬುದು ಸ್ವಾನುಭವದಿಂದಲೇ ತಿಳಿದಿದ್ದಿರಬೇಕು.

ಇನ್ನೂ ಹತ್ತಿರದ, ಇನ್ನೂ ಆಳವಾದ ನಿದರ್ಶನ ದಾಸಪರಂಪರೆಯದು. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿ ತಾಲೂಕಿನ ಬ್ಯಾಗವಾಟದವರು. ಜಗನ್ನಾಥದಾಸರು ಪೂರ್ವದಲ್ಲಿ ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ಪಂಡಿತರಾಗಿದ್ದು, ಕನ್ನಡದಲ್ಲಿ ಹಾಡುವ ದಾಸರೆಂಬ ಕಾರಣದಿಂದ ವಿಜಯದಾಸರನ್ನು ಕೀಳಾಗಿ ಕಂಡು, ಹೊಟ್ಟೆನೋವಿನ ನೆವವನ್ನು ಹೇಳಿ ಅವರು ಕರೆದ ಊಟವನ್ನು ತಿರಸ್ಕರಿಸಿದರೆಂದೂ, ಆ ನೆವವೇ ನಿಜವಾದ ವ್ಯಾಧಿಯಾಗಿ ಅವರ ಪ್ರಾಣವನ್ನು ಹಿಂಡತೊಡಗಿತೆಂದೂ, ಕೊನೆಗೆ ಅವರು ಶರಣಾದಾಗ ವಿಜಯದಾಸರು ಅವರನ್ನು ಗೋಪಾಲದಾಸರಲ್ಲಿಗೆ ಕಳುಹಿಸಿದರೆಂದೂ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ತೆಗೆದು ಅವರಿಗೆ ದಾನಮಾಡಿದರೆಂದೂ ಪರಂಪರೆ ಹೇಳುತ್ತದೆ. ಇದನ್ನು ಪವಾಡವೆಂದು ಕೈಮುಗಿದು ಮುಂದೆ ಸಾಗುವವರೇ ಹೆಚ್ಚು. ಇದರಲ್ಲಿ ಅಡಗಿರುವ ಧರ್ಮವಿಚಾರ ನನಗೆ ಪವಾಡಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ನೊಂದವರು ದಾರಿಯನ್ನು ತೆರೆದರು, ಆದರೆ ಕ್ಷಮೆಯ ಸಮಸ್ತ ಭಾರವನ್ನೂ ಅವರೊಬ್ಬರೇ ಹೊರಬೇಕಾಗಲಿಲ್ಲ. ಅಪರಾಧದಲ್ಲಿ ಯಾವ ಪಾತ್ರವೂ ಇಲ್ಲದ ಮೂರನೆಯವರು ತಮ್ಮದರಿಂದ ಒಂದು ಭಾಗವನ್ನು ಕೊಟ್ಟರು. ಕೊಟ್ಟದ್ದಾದರೂ ಏನು? ಸೆರೆಮನೆ ಮನುಷ್ಯನಿಂದ ಕಿತ್ತುಕೊಳ್ಳುವುದು ಯಾವುದನ್ನೋ ಅದನ್ನೇ, ಆಯುಸ್ಸಿನ ವರ್ಷಗಳನ್ನೇ. ಬದುಕಿ ಉಳಿದವರನ್ನು ಅಲ್ಲಿಗೇ ಕೈಬಿಡದೆ ಅಂಕಿತವನ್ನೂ ಸತ್ಸಂಗವನ್ನೂ ಒದಗಿಸಲಾಗಿ, ಅವರು ತಾವು ಹೀಗಳೆದ ಕನ್ನಡದಲ್ಲಿಯೇ ಮಹಾಕೃತಿಯನ್ನು ರಚಿಸಿದರು. ಅಪರಾಧ ಮಾಡಿದವನು ಅಪರಾಧಕ್ಕೆ ಗುರಿಯಾದುದರ ಸೇವೆಗೆ ನಿಲ್ಲುವುದಕ್ಕಿಂತ ಪೂರ್ಣವಾದ ಪ್ರಾಯಶ್ಚಿತ್ತ ಬೇರೆ ಯಾವುದಿದ್ದೀತು?

ಒಣ ಜಂಬದ ಅಪರಾಧಕ್ಕೂ ಕೊಲೆ, ಅತ್ಯಾಚಾರಗಳಿಗೂ ಹೋಲಿಕೆಯೆಲ್ಲಿಯದು ಎಂಬ ಆಕ್ಷೇಪ ನ್ಯಾಯವಾದುದೇ. ಮಗನನ್ನು ಕಳೆದುಕೊಂಡ ತಾಯಿಯ ಬೀದಿಗೇ ಅವನನ್ನು ಕೊಂದವನು ಮರಳುವುದಾದರೆ, ಆ ತಾಯಿಯ ಭಯವನ್ನೂ ದುಃಖವನ್ನೂ ಲೆಕ್ಕಕ್ಕೆ ಹಿಡಿಯದ ಕರುಣೆ ಕರುಣೆಯೆನಿಸದು. 2002ರ ಗುಜರಾತಿನ ಹಿಂಸಾಕಾಂಡದಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆಗೆ ಗುರಿಯಾದ 11 ಜನರನ್ನು 2022ರ ಆಗಸ್ಟ್ 15ರಂದು ಅವಧಿಗೆ ಮುನ್ನ ಬಿಟ್ಟಾಗ ಅವರಿಗೆ ಹೂಮಾಲೆಯ ಸ್ವಾಗತ ದೊರೆಯಿತು. 2024ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯ ಆ ಬಿಡುಗಡೆಯನ್ನು ರದ್ದುಗೊಳಿಸಿ ಅವರನ್ನು ಮತ್ತೆ ಸೆರೆಗೆ ಕಳುಹಿಸಿತು. ಪಶ್ಚಾತ್ತಾಪವಿಲ್ಲದವನಿಗೆ ಹಾಕಿದ ಮಾಲೆ ನೊಂದವಳಿಗೆ ಎರಡನೆಯ ಸಲ ಮಾಡಿದ ಗಾಯ. ಬಿಡುಗಡೆಗೆ ಮೊದಲು ನೊಂದ ಮನೆಗೆ ತಿಳಿಸುವುದು, ಅವರ ಮಾತನ್ನು ಕೇಳುವುದು, ಅವರ ರಕ್ಷಣೆಗೆ ಹೊಣೆಗಾರರನ್ನು ಗೊತ್ತುಮಾಡುವುದು, ಅವರಿಗೆ ಸಲ್ಲತಕ್ಕ ಪರಿಹಾರವನ್ನು ತಡಮಾಡದೆ ಸಲ್ಲಿಸುವುದು: ಇಷ್ಟು ನಡೆದಲ್ಲಿ ಮಾತ್ರ ಊರು ತನ್ನ ಬಾಗಿಲನ್ನು ಧರ್ಮದಿಂದ ತೆರೆದಂತಾಗುತ್ತದೆ.

ಆದರೆ ಸೆರೆಯಲ್ಲಿರುವವರಲ್ಲಿ ಬಹುಮಂದಿಯ ಅಪರಾಧ ಇನ್ನೂ ಸಾಬೀತಾಗಿಲ್ಲವೆಂಬುದನ್ನು ಮರೆಯಲಾಗದು. 2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಜಾಮೀನು ಮಂಜೂರಾದ ಮೇಲೂ ಜಾಮೀನುದಾರನಿಲ್ಲದೆ ಒಳಗೇ ಉಳಿಯುವ ಬಡವನ ಪಾಡನ್ನು 1978ರ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಎತ್ತಿ ತೋರಿಸಿದರು. ಗಾರೆಕೆಲಸದವನೊಬ್ಬನಿಂದ 10,000 ರೂಪಾಯಿಯ ಜಾಮೀನನ್ನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಸಹೋದರನ ಜಾಮೀನನ್ನು ನಿರಾಕರಿಸಲಾಗಿತ್ತು. ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿನಂಥ ಊರುಗಳಿಗೆ ಗುಳೆ ಹೋಗುವುದನ್ನು ಬಲ್ಲವರಿಗೆ ಇದರ ಅರ್ಥ ಬೇಗನೆ ಹೊಳೆಯುತ್ತದೆ: ಮನೆಗೆ ಬೀಗ, ಬಂಧುಗಳು ದೂರದಲ್ಲಿ, ನ್ಯಾಯಾಲಯಕ್ಕೆ ತೋರಿಸಲು ಪಹಣಿಯೂ ಇಲ್ಲ. ಮೊದಲ ಸಲ ಆರೋಪಕ್ಕೊಳಗಾದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆಂದು, ಮರಣದಂಡನೆ ಮತ್ತು ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಹೊರತುಪಡಿಸಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಹೇಳುತ್ತದೆ. ಬಡ ಬಂಧಿಗಳ ಜಾಮೀನಿಗೂ ದಂಡದ ಹಣಕ್ಕೂ ನೆರವಾಗುವ ಕೇಂದ್ರ ಸರ್ಕಾರದ ಯೋಜನೆ 2023ರಲ್ಲಿ ಮೊದಲಾಯಿತು. ಜಕಾತಿನ ಹಣ ಸಲ್ಲತಕ್ಕ ಎಂಟು ಬಗೆಯವರಲ್ಲಿ ದಾಸ್ಯಬಂಧನದಲ್ಲಿರುವವರನ್ನೂ ಸಾಲದಲ್ಲಿ ಸಿಲುಕಿದವರನ್ನೂ ಕುರಾನು ಸೇರಿಸಿದೆ. ಹೀಗೆ ಧರ್ಮವೂ ಕಾನೂನೂ ಒಂದೇ ದಿಕ್ಕನ್ನು ತೋರಿಸುತ್ತಿರುವಾಗ, ನಡುವೆ ನಿಂತು ಅವುಗಳ ಮಾತನ್ನು ಬಡವನ ಮನೆಗೆ ಮುಟ್ಟಿಸುವ ಜನ ಬೇಕಾಗಿದ್ದಾರೆ.

ಹೊರಬಂದವನಿಗೆ ಮೊದಲು ಬೇಕಾದುದು ದುಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳೂ ಹತ್ತಿಯ ಹೊಲಗಳೂ ಇರುವ ಈ ಸೀಮೆಯಲ್ಲಿ ಕೆಲಸಕ್ಕೆ ಕೊರತೆಯಾದರೂ ಆಗಬಹುದು, ಅವನನ್ನು ಕರೆಯುವ ಮನಸ್ಸಿಗೆ ಕೊರತೆಯಾಗಬಾರದು. ದೇವನಹಳ್ಳಿ ತಾಲೂಕಿನ ಕೋರಮಂಗಲದ ಬಯಲು ಬಂದೀಖಾನೆಯಲ್ಲಿ ಸನ್ನಡತೆಯ ಬಂಧಿಗಳು ಹೊಲದಲ್ಲಿ ದುಡಿಯುತ್ತ ಹೊರಗಿನ ಬದುಕಿಗೆ ಸಿದ್ಧರಾಗುತ್ತಾರೆ. ರಂಗಕರ್ಮಿ ಹುಲುಗಪ್ಪ ಕಟ್ಟಿಮನಿಯವರು ಬಂಧಿಗಳನ್ನು ರಂಗದ ಮೇಲೆ ತಂದು ಅವರಿಂದ ಪರರ ದುಃಖವನ್ನು ಆಡಿಸಿದರು. ನಂಬಿಕೆಗೆ ಪಾತ್ರನಾದವನು ಅದನ್ನು ಉಳಿಸಿಕೊಳ್ಳಲು ಯತ್ನಿಸುವನು. ನಂಬಿಕೆಯನ್ನೇ ಕಾಣದವನಿಗೆ ಉಳಿಸಿಕೊಳ್ಳಬೇಕಾದುದೇನೂ ಇರುವುದಿಲ್ಲ. ಪರಿವೀಕ್ಷಣೆಯ ಮೇಲೆ ಬಿಡುಗಡೆ ಹೊಂದಿದವನಿಗೆ ಅಪರಾಧನಿರ್ಣಯದಿಂದ ಬರುವ ಅನರ್ಹತೆ ಅಂಟಕೂಡದೆಂದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಹೇಳಿರುವುದು, ಜುಗುಪ್ಸೆಯನ್ನು ನಿಷೇಧಿಸಿದ ಆ ಹಳೆಯ ವಿಧಿಯ ಹೊಸ ರೂಪವೇ ಆಗಿದೆ.

ಊರಿನ ಸುರಕ್ಷತೆ ಒಂದು ಕಡೆ, ಬಿಡುಗಡೆಯಾದವನ ಹಿತ ಇನ್ನೊಂದು ಕಡೆ ಎಂದು ತಕ್ಕಡಿಯಲ್ಲಿಟ್ಟು ತೂಗುವುದು ನಮಗೆ ರೂಢಿಯಾಗಿದೆ. ಆದರೆ ಮನೆಯೂ ಕೆಲಸವೂ ಮಾತಾಡಿಸುವವರೂ ಇಲ್ಲದೆ ಅಲೆಯುವವನಿಂದ ಊರಿಗೆ ಯಾವ ಸುರಕ್ಷತೆಯೂ ದೊರೆಯದು. ನೊಂದವರ ರಕ್ಷಣೆಯನ್ನು ಮೊದಲು ಮಾಡಿ, ಅನಂತರ ಅವನಿಗಾಗಿ ತಮ್ಮ ಕಾಲದಿಂದ, ಹಣದಿಂದ, ಹೆಸರಿನಿಂದ ಒಂದು ಪಾಲನ್ನು ತೆಗೆದಿಡುವವರು ಮಾನ್ವಿ, ದೇವದುರ್ಗಗಳ ಮಠ, ಮಸೀದಿ, ಗ್ರಾಮ ಪಂಚಾಯಿತಿಗಳಲ್ಲಿ ಮುಂದೆ ಬರಬೇಕು. ಗೋಪಾಲದಾಸರಂತೆ ಆಯುಷ್ಯವನ್ನು ಎತ್ತಿಕೊಡಲು ನಮಗೆ ಶಕ್ತಿಯಿಲ್ಲ. ಜಾಮೀನಿನ ಕಾಗದಕ್ಕೆ ಸಹಿ ಹಾಕಲು, ಒಂದು ಸುಗ್ಗಿಯ ಕೆಲಸವನ್ನು ಕೊಡಲು, ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಲು ಶಕ್ತಿಯಿಲ್ಲವೆನ್ನಲು ನಮ್ಮಲ್ಲಿ ಯಾರಿಗೂ ಬಾಯಿಲ್ಲ. ದಂಡಿಸುವುದು ರಾಜಧರ್ಮವಾದರೆ, ದಂಡ ಮುಗಿದವನನ್ನು ಮರಳಿ ಮನುಷ್ಯರ ನಡುವೆ ನಿಲ್ಲಿಸುವುದು ಪ್ರಜೆಗಳ ಧರ್ಮ. ಆ ಧರ್ಮವನ್ನು ಪ್ರಜೆಗಳ ಪರವಾಗಿ ಬೇರೆ ಯಾರೂ ನಡೆಸಲಾರರು.